ಎಥೆಲ್ ಪರ್ಸಿ ಆಂಡ್ರಸ್

ಎಥೆಲ್ ಪರ್ಸಿ ಆಂಡ್ರಸ್ (ಸೆಪ್ಟೆಂಬರ್ 21, 1884 – ಜುಲೈ 13, 1967) ಅಮೆರಿಕದ ಶಿಕ್ಷಣತಜ್ಞೆ ಹಾಗೂ ಹಿರಿಯ ನಾಗರಿಕರ ಸಂಘಟಕಿ. ನಿವೃತ್ತ ಶಿಕ್ಷಕರ ರಾಷ್ಟ್ರೀಯ ಸಂಘವನ್ನೂ ಎ.ಎ.ಆರ್.ಪಿ. ಎಂದು ಹೆಸರಾದ ಅಮೆರಿಕದ ನಿವೃತ್ತರ ಸಂಘವನ್ನೂ ಸ್ಥಾಪಿಸಿದವರು. ಹಿರಿಯರ ಸೇವೆಯಲ್ಲಿರುವ ವೃತ್ತಿಪರರಿಗೆ ವೃದ್ಧಾಪ್ಯಶಾಸ್ತ್ರವನ್ನು ಬೋಧಿಸುವ ಪ್ರಸಿದ್ಧ ಅಧ್ಯಯನ ಕೇಂದ್ರವೊಂದು ಇವರ ಹೆಸರನ್ನು ಹೊಂದಿದೆ.

ಆರಂಭಿಕ ಜೀವನ

ಆಂಡ್ರಸ್ ಅವರು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಜನಿಸಿ, ಷಿಕಾಗೋದಲ್ಲಿ ಬೆಳೆದರು. ತಂದೆ ವಕೀಲರಾಗಿದ್ದರು. 1903ರಲ್ಲಿ ಷಿಕಾಗೋ ವಿಶ್ವವಿದ್ಯಾಲಯದಿಂದ ಪದವಿ ಪಡೆದು ಅದೇ ನಗರದಲ್ಲಿ ಅಧ್ಯಾಪಕಿಯಾದರು. ಆ ದಿನಗಳಲ್ಲಿ ಜೇನ್ ಆಡಮ್ಸ್ ಅವರ ಹಲ್ ಹೌಸ್ ಎಂಬ ಸೇವಾಕೇಂದ್ರದಲ್ಲಿ ಬಡ ವಲಸಿಗರ ನಡುವೆ ಕೆಲಸ ಮಾಡಿದರು. 1910ರಲ್ಲಿ ಕುಟುಂಬದೊಂದಿಗೆ ಕ್ಯಾಲಿಫೋರ್ನಿಯಾಕ್ಕೆ ಮರಳಿದರು.

ಶಿಕ್ಷಣ ಕ್ಷೇತ್ರದಲ್ಲಿ

1916ರಲ್ಲಿ ಲಾಸ್ ಏಂಜಲೀಸ್‌ನ ಅಬ್ರಹಾಂ ಲಿಂಕನ್ ಪ್ರೌಢಶಾಲೆಯ ಪ್ರಾಂಶುಪಾಲೆಯಾಗಿ ನೇಮಕಗೊಂಡರು. ಕ್ಯಾಲಿಫೋರ್ನಿಯಾದಲ್ಲಿ ಪ್ರೌಢಶಾಲೆಯ ಪ್ರಾಂಶುಪಾಲ ಹುದ್ದೆಗೇರಿದ ಮೊದಲ ಮಹಿಳೆ ಎಂದು ಇವರನ್ನು ಗುರುತಿಸಲಾಗುತ್ತದೆ. ಹಲವು ದೇಶ, ಭಾಷೆಗಳ ಮಕ್ಕಳು ಕಲಿಯುತ್ತಿದ್ದ ಆ ಶಾಲೆಯಲ್ಲಿ ಅವರ ಪೋಷಕರಿಗೂ ಸಂಜೆ ತರಗತಿಗಳನ್ನು ಏರ್ಪಡಿಸಿದರು. ಹುದ್ದೆಯಲ್ಲಿದ್ದುಕೊಂಡೇ ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಿಂದ 1928ರಲ್ಲಿ ಸ್ನಾತಕೋತ್ತರ ಪದವಿಯನ್ನೂ 1930ರಲ್ಲಿ ಡಾಕ್ಟರೇಟನ್ನೂ ಪಡೆದರು. ಅನಾರೋಗ್ಯಕ್ಕೊಳಗಾದ ತಾಯಿಯ ಆರೈಕೆಗಾಗಿ 1944ರಲ್ಲಿ ನಿವೃತ್ತರಾದರು.

ನಿವೃತ್ತರ ಸಂಘಟನೆ

28 ವರ್ಷಗಳ ಕಾಲ ಪ್ರಾಂಶುಪಾಲೆಯಾಗಿದ್ದ ಆಂಡ್ರಸ್ ಅವರಿಗೆ ದೊರೆತ ನಿವೃತ್ತಿವೇತನ ತಿಂಗಳಿಗೆ ಸುಮಾರು 60 ಡಾಲರ್. ಕುಟುಂಬದ ಆಸರೆಯಿದ್ದುದರಿಂದ ಅವರಿಗೆ ತೊಂದರೆಯಾಗಲಿಲ್ಲ. ಆದರೆ ನಿವೃತ್ತ ಶಿಕ್ಷಕಿಯೊಬ್ಬರು ಕೋಳಿಗೂಡಿನಲ್ಲಿ ವಾಸಿಸುತ್ತಿದ್ದುದನ್ನು ಕಂಡ ಬಳಿಕ ಅವರು ಈ ಕಾರ್ಯಕ್ಕೆ ತೊಡಗಿದರೆಂದು ಅವರ ಜೀವನವೃತ್ತಾಂತಗಳು ಹೇಳುತ್ತವೆ. 1947ರಲ್ಲಿ ನಿವೃತ್ತ ಶಿಕ್ಷಕರ ರಾಷ್ಟ್ರೀಯ ಸಂಘ ಆರಂಭವಾಯಿತು.

65 ವರ್ಷ ದಾಟಿದವರಿಗೆ ಆರೋಗ್ಯ ವಿಮೆ ದೊರೆಯುವುದು ಆಗ ಬಹಳ ಕಷ್ಟವಾಗಿತ್ತು. ಮೆಡಿಕೇರ್ ಎಂಬ ಸರ್ಕಾರಿ ಯೋಜನೆ ಜಾರಿಯಾದುದು 1965ರ ಶಾಸನದಿಂದ. 40ಕ್ಕೂ ಹೆಚ್ಚು ವಿಮಾ ಕಂಪನಿಗಳು ನಿರಾಕರಿಸಿದ ನಂತರ, ಲಿಯೊನಾರ್ಡ್ ಡೇವಿಸ್ ಎಂಬ ವಿಮಾ ದಲ್ಲಾಳಿಯ ನೆರವಿನಿಂದ 1956ರಲ್ಲಿ ನಿವೃತ್ತ ಶಿಕ್ಷಕರಿಗೆ ಸಾಮೂಹಿಕ ವಿಮೆ ಲಭ್ಯವಾಯಿತು. ಇತರ ವೃತ್ತಿಗಳವರೂ ಇಂಥ ಸೌಲಭ್ಯವನ್ನು ಬಯಸಿದ್ದರಿಂದ 1958ರಲ್ಲಿ ಎ.ಎ.ಆರ್.ಪಿ. ಸ್ಥಾಪನೆಯಾಯಿತು. ಆಂಡ್ರಸ್ ಅವರು ಅದರ ಪತ್ರಿಕೆ ಮಾಡರ್ನ್ ಮೆಚ್ಯೂರಿಟಿಯ ಸಂಪಾದಕಿಯೂ ಆಗಿದ್ದರು.

ಅವರ ದೃಷ್ಟಿಯಲ್ಲಿ ಮುಪ್ಪು ಕೇವಲ ವೈದ್ಯಕೀಯ ಸಮಸ್ಯೆಯಾಗಿರಲಿಲ್ಲ. ವಸತಿ, ಆದಾಯ, ಕಲಿಕೆ, ಸಮಾಜಕ್ಕೆ ಉಪಯುಕ್ತವಾಗಿ ಬಾಳುವ ಅವಕಾಶ ಇವೆಲ್ಲವೂ ಹಿರಿಯರಿಗೆ ಅಗತ್ಯವೆಂದು ಅವರು ನಂಬಿದ್ದರು. 1954ರಲ್ಲಿ ಓಹೈ ಪಟ್ಟಣದಲ್ಲಿ ಗ್ರೇ ಗೇಬಲ್ಸ್ ಎಂಬ ನಿವೃತ್ತ ಶಿಕ್ಷಕರ ವಸತಿಗೃಹವನ್ನು, 1963ರಲ್ಲಿ ವಾಷಿಂಗ್ಟನ್‌ನಲ್ಲಿ ಹಿರಿಯರಿಗಾಗಿ ಆಜೀವ ಕಲಿಕೆಯ ಸಂಸ್ಥೆಯನ್ನು ತೆರೆದರು.

ಟೀಕೆ

ಸಂಘದ ಸದಸ್ಯತ್ವ ಬೆಳೆದಂತೆ ಡೇವಿಸ್ ಅವರ ವಿಮಾ ಉದ್ಯಮವೂ ಬೆಳೆಯಿತು. ಸಂಘವು ಸದಸ್ಯರ ಹಿತಕ್ಕಿಂತ ವಿಮಾ ಕಂಪನಿಯ ಲಾಭಕ್ಕೆ ಅನುಕೂಲ ಮಾಡಿಕೊಡುತ್ತಿದೆ ಎಂಬ ಟೀಕೆ 1970ರ ದಶಕದಲ್ಲಿ, ಅಂದರೆ ಆಂಡ್ರಸ್ ಅವರ ಮರಣಾನಂತರ, ವ್ಯಾಪಕವಾಗಿ ಕೇಳಿಬಂತು.

ವೃದ್ಧಾಪ್ಯಶಾಸ್ತ್ರ ಮತ್ತು ಸ್ಮರಣೆ

ವೃದ್ಧಾಪ್ಯಶಾಸ್ತ್ರವನ್ನು ಸೂಚಿಸುವ ಜೆರಂಟಾಲಜಿ ಎಂಬ ಪದವನ್ನು 1903ರಲ್ಲಿ ಜೀವವಿಜ್ಞಾನಿ ಇಲ್ಯಾ ಮೆಚ್ನಿಕಾಫ್ ಬಳಕೆಗೆ ತಂದಿದ್ದರು. ಆಂಡ್ರಸ್ ಅವರು ಪದವಿ ಪಡೆದದ್ದೂ ಅದೇ ವರ್ಷ. ಆದರೆ ಈ ಶಾಸ್ತ್ರದಲ್ಲಿ ಅವರು ಯಾವ ಪದವಿಯನ್ನೂ ಪಡೆದಿರಲಿಲ್ಲ. ಅವರ ನಿಧನಾನಂತರ ಸಂಘದ ಸದಸ್ಯರ ದೇಣಿಗೆಯ ನೆರವಿನಿಂದ ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ನಿರ್ಮಾಣವಾದ ಎಥೆಲ್ ಪರ್ಸಿ ಆಂಡ್ರಸ್ ವೃದ್ಧಾಪ್ಯಶಾಸ್ತ್ರ ಕೇಂದ್ರ 1973ರಲ್ಲಿ ಉದ್ಘಾಟನೆಗೊಂಡಿತು. 1975ರಲ್ಲಿ ಅಲ್ಲಿಯೇ ಲಿಯೊನಾರ್ಡ್ ಡೇವಿಸ್ ಅವರ ಹೆಸರಿನಲ್ಲಿ, ಈ ಶಾಸ್ತ್ರಕ್ಕೇ ಮೀಸಲಾದ ಮೊದಲ ಶಾಲೆ ಪ್ರಾರಂಭವಾಯಿತು. ಮನಃಶಾಸ್ತ್ರಜ್ಞ ಜೇಮ್ಸ್ ಬಿರೆನ್ ಅದರ ಪ್ರಥಮ ಮುಖ್ಯಸ್ಥರು. ವೃದ್ಧರೋಗಶಾಸ್ತ್ರವು ಮುಪ್ಪಿನ ಕಾಯಿಲೆಗಳ ಚಿಕಿತ್ಸೆಗೆ ಸಂಬಂಧಿಸಿದ್ದರೆ, ವೃದ್ಧಾಪ್ಯಶಾಸ್ತ್ರದ ವ್ಯಾಪ್ತಿಗೆ ದೇಹ, ಮನಸ್ಸು, ಕುಟುಂಬ, ಸರ್ಕಾರದ ನೀತಿ ಎಲ್ಲವೂ ಸೇರುತ್ತವೆ. ಆದ್ದರಿಂದ ವೈದ್ಯರಲ್ಲದ ಸಮಾಜ ಕಾರ್ಯಕರ್ತರು, ದಾದಿಯರು, ವೃದ್ಧಾಶ್ರಮಗಳ ಆಡಳಿತಗಾರರು ಮೊದಲಾದವರಿಗೂ ಇಂಥ ಸ್ನಾತಕೋತ್ತರ ಅಧ್ಯಯನ ಉಪಯುಕ್ತವಾಗಿದೆ.

1993ರಲ್ಲಿ ಆಂಡ್ರಸ್ ಅವರ ಹೆಸರನ್ನು ಅಮೆರಿಕದ ರಾಷ್ಟ್ರೀಯ ಮಹಿಳಾ ಕೀರ್ತಿಭವನದಲ್ಲಿ ಸೇರಿಸಲಾಯಿತು.