ಕಿವಿಯ ಸದ್ದಿಗೆ ಸದ್ದನ್ನೇ ಮದ್ದು ಮಾಡಿದ ಇಟಾರ್

ಕಿವಿಯೊಳಗೆ ಹಗಲೂ ರಾತ್ರಿ ಗುಂಯ್ ಅನ್ನುವವರು ಕಾರವಾರ, ಅಂಕೋಲೆಯ ಕಡಲ ದಂಡೆಯಲ್ಲಿ ಕೂತರೆ ತುಸು ನೆಮ್ಮದಿ ಸಿಗಬಹುದು. ಅಲೆಗಳ ಮೊರೆತ ಒಳಗಿನ ಸದ್ದನ್ನು ಮುಚ್ಚುತ್ತೆ. ಇದನ್ನೇ ಚಿಕಿತ್ಸೆಯಾಗಿ ಬರೆದಿಟ್ಟವನು ಫ್ರಾನ್ಸಿನ ವೈದ್ಯ ಜ್ಯಾಂ ಮಾರ್ಕ್ ಇಟಾರ್.

1774ರಲ್ಲಿ ಹುಟ್ಟಿದ ಇಟಾರ್ ಬ್ಯಾಂಕ್ ಕೆಲಸಕ್ಕೆ ಹೋಗಬೇಕಿತ್ತು. ಕ್ರಾಂತಿಯ ಗದ್ದಲದಲ್ಲಿ ಸಿಪಾಯಿಯಾಗೋದು ತಪ್ಪಿಸಿಕೊಳ್ಳಲು ಸೈನ್ಯದ ಆಸ್ಪತ್ರೆ ಸೇರಿದ, ವೈದ್ಯನಾದ. 1800ರಲ್ಲಿ ಪ್ಯಾರಿಸ್ಸಿನ ಕಿವುಡ ಮಕ್ಕಳ ಸಂಸ್ಥೆಗೆ ಬಂದ. ಕಾಡಲ್ಲಿ ಸಿಕ್ಕ ಹುಡುಗ ವಿಕ್ಟರ್‌ಗೆ ಮಾತು ಕಲಿಸಲು ಹೋಗಿ ಹೆಸರಾದ (ಹುಡುಗನಿಗೆ ಮಾತು ಬರಲಿಲ್ಲ, ಅದು ಬೇರೆ ವಿಷಯ). ಕಿವುಡುತನವನ್ನು ರೋಗ ಅಂದುಕೊಂಡು ಆ ಮಕ್ಕಳ ಮೇಲೆ ಜಿಗಣೆ, ವಿದ್ಯುತ್ ಪ್ರಯೋಗ ಎಲ್ಲ ನಡೆಸಿದ. ನರಳಿದ್ದು ಮಕ್ಕಳು, ಫಲ ಹೆಚ್ಚೇನಿಲ್ಲ. ಇದನ್ನು ಮರೆತು ಇಟಾರ್‌ನನ್ನು ಹೊಗಳೋದು ಸರಿಯಲ್ಲ.

ಆದರೆ ಕಿವಿಯ ಕಾಯಿಲೆಗಳ ಬಗ್ಗೆ 1821ರಲ್ಲಿ ಬಂದ ಅವನ ಗ್ರಂಥದಲ್ಲಿ ಹಿಂಸೆಯಿಲ್ಲದ ಸಲಹೆಯೂ ಇದೆ. ಒಳಗಿನ ಸದ್ದು ಎಂಥದ್ದೋ ಹೊರಗಿನದೂ ಅಂಥದ್ದೇ ಇರಲಿ ಅಂದ. ಮೊರೆತಕ್ಕೆ ಭುಗಿಲೇಳುವ ಬೆಂಕಿ, ಶಿಳ್ಳೆಗೆ ಹಸಿ ಕಟ್ಟಿಗೆ ಉರಿಯುವ ಸದ್ದು, ಗಂಟೆಯ ನಾದಕ್ಕೆ ತಾಮ್ರದ ಪಾತ್ರೆಗೆ ಬೀಳುವ ನೀರು. ವಾಸಿಯಾಗುತ್ತೆ ಅಂತ ಆಸೆ ಹುಟ್ಟಿಸಲಿಲ್ಲ; ರೋಗಿಗೆ ರಾತ್ರಿ ನಿದ್ದೆ ಬಂದರೆ ಸಾಕಿತ್ತು. 1838ರಲ್ಲಿ ಇಟಾರ್ ತೀರಿಕೊಂಡ. ಈಗ ಫೋನಿನಲ್ಲಿ ಹಾಕಿಕೊಂಡು ಮಲಗುವ ಮಳೆ ಸದ್ದಿನ ಹಿಂದೆ ಇರೋದೂ ಇದೇ ಲೆಕ್ಕ.