ವಿಶ್ವಕಿರಣಗಳ ಗಣಿತಜ್ಞ ಡಾ. ಹೋಮಿ ಭಾಭಾ

ಹಿಂದಿನ ಮೈಸೂರು ಸಂಸ್ಥಾನದಲ್ಲಿ ವಿದ್ಯಾ ಇಲಾಖೆಯ ಇನ್‌ಸ್ಪೆಕ್ಟರ್ ಜನರಲ್ ಪದವಿಯನ್ನು ಅಲಂಕರಿಸಿದ್ದವರಲ್ಲಿ ಹೊರ್ಮಸ್‌ಜಿ ಭಾಭಾ ಎಂಬ ಪಾರಸಿ ವಿದ್ವಾಂಸರೊಬ್ಬರು. ಅವರ ಪುತ್ರ ಜಹಾಂಗೀರರು ಬೆಂಗಳೂರಿನಲ್ಲಿ ಬೆಳೆದು, ಆಕ್ಸ್‌ಫರ್ಡಿನಲ್ಲಿ ವ್ಯಾಸಂಗ ಮಾಡಿ, ಮುಂಬಯಿಯಲ್ಲಿ ನ್ಯಾಯವಾದಿಗಳಾಗಿ ನೆಲೆಸಿದರು. ಆ ಮನೆಯಲ್ಲಿ 1909ರ ಅಕ್ಟೋಬರ್ 30ರಂದು ಜನಿಸಿದ ಹೋಮಿ ಭಾಭಾ ಅವರು ಪರಮಾಣು ಶಕ್ತಿಯ ಪ್ರವರ್ತಕರೆಂದು ನಾಡಿಗೆಲ್ಲ ಪರಿಚಿತರು. ಆದರೆ ಅವರ ಬಾಳಿನ ದಿಕ್ಕು ಬದಲಾದದ್ದು ತಾತನವರು ಸೇವೆ ಸಲ್ಲಿಸಿದ ಈ ಸೀಮೆಯಲ್ಲಿಯೇ ಎಂಬ ಸಂಗತಿ ಅಷ್ಟಾಗಿ ಪ್ರಚಾರಕ್ಕೆ ಬಂದಿಲ್ಲ.

ಮಗನು ಎಂಜಿನಿಯರನಾಗಿ ಜಮ್‌ಷೆಡ್‌ಪುರದ ಉಕ್ಕಿನ ಕಾರ್ಖಾನೆಯನ್ನು ಸೇರಬೇಕೆಂಬುದು ತಂದೆಯವರ ಅಭಿಲಾಷೆಯಾಗಿತ್ತು. 1927ರಲ್ಲಿ ಕೇಂಬ್ರಿಜ್ ಸೇರಿದ ತರುಣನ ಮನಸ್ಸಾದರೋ ಭೌತವಿಜ್ಞಾನದತ್ತ ಹರಿಯಿತು. ಎಂಜಿನಿಯರಿಂಗಿನಲ್ಲಿ ಪ್ರಥಮ ದರ್ಜೆ ಪಡೆದರೆ ಗಣಿತಾಭ್ಯಾಸಕ್ಕೆ ಹಣ ಒದಗಿಸುವುದಾಗಿ ತಂದೆಯವರು ಒಪ್ಪಿದರು. 1930ರಲ್ಲಿ ಆ ದರ್ಜೆಯೂ, 1932ರಲ್ಲಿ ಗಣಿತದಲ್ಲಿ ಮತ್ತೊಂದು ಪ್ರಥಮ ದರ್ಜೆಯೂ ಬಂದವು. ಮಕ್ಕಳ ಒಲವನ್ನು ಗದರಿಸಿ ಅಡಗಿಸದೆ ಷರತ್ತಿನಿಂದ ಪರೀಕ್ಷಿಸಿದ ಆ ತಂದೆಯ ವಿವೇಕ ಮೆಚ್ಚತಕ್ಕದ್ದು.

1937ರಲ್ಲಿ ಭಾಭಾ ಅವರು ಹೈಟ್ಲರ್ ಎಂಬ ವಿಜ್ಞಾನಿಯೊಡನೆ ವಿಶ್ವಕಿರಣಗಳ ವೃಷ್ಟಿಗೆ ಕಾರಣವನ್ನು ವಿವರಿಸಿದರು. ಅಂತರಿಕ್ಷದಿಂದ ಬರುವ ಈ ಕಿರಣಗಳ ಸಂತತಿ ನಮ್ಮನ್ನು ಸದಾ ಹಾದುಹೋಗುತ್ತಿರುತ್ತದೆ. ದುದ್ದದ ಬಯಲಿನಲ್ಲಿ ಕೈಚಾಚಿ ನಿಂತ ಬಾಲಕನ ಅಂಗೈಯನ್ನು ಸೆಕೆಂಡಿಗೆ ಸುಮಾರು ಒಂದು ಕಣ ತೂರಿಹೋಗುತ್ತದೆ. ಮಹಾವೇಗದ ಎಲೆಕ್ಟ್ರಾನೊಂದು ಪರಮಾಣು ಬೀಜದ ಬಳಿ ಸುಳಿದಾಗ ಬೆಳಕಿನ ಕಣವೊಂದನ್ನು ಹೊರಚೆಲ್ಲುತ್ತದೆ. ಆ ಬೆಳಕಿನ ಕಣ ಮುಂದೆ ಎಲೆಕ್ಟ್ರಾನ್ ಮತ್ತು ಪಾಸಿಟ್ರಾನ್ ಎಂಬ ಜೋಡಿಯಾಗಿ ಮಾರ್ಪಡುತ್ತದೆ. ಅವೆರಡೂ ಮತ್ತೆ ಅದೇ ಕಾರ್ಯದಲ್ಲಿ ತೊಡಗುತ್ತವೆ. ಕಬ್ಬಿನ ಒಂದು ಕಣ್ಣಿನಿಂದ ಮರಿಗಳೊಡೆದು ಮೆಳೆಯಾಗುವಂತೆ ಒಂದು ಕಣ ಸಾವಿರವಾಗುತ್ತದೆ. ಶಕ್ತಿ ಹಂಚಿಹೋಗಿ ಕ್ಷೀಣಿಸಿದಾಗ ವೃಷ್ಟಿ ನಿಲ್ಲುತ್ತದೆ.

1939ರಲ್ಲಿ ರಜೆಗೆಂದು ಸ್ವದೇಶಕ್ಕೆ ಬಂದಿದ್ದಾಗ ಎರಡನೆಯ ಮಹಾಯುದ್ಧ ಆರಂಭವಾಯಿತು. ಹಿಂದಿರುಗುವ ದಾರಿ ಮುಚ್ಚಿತು. ಸರ್ ಸಿ. ವಿ. ರಾಮನ್ ಅವರಿದ್ದ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಭಾಭಾ ಅವರು ರೀಡರ್ ಆಗಿ ಸೇರಿ, ವಿಶ್ವಕಿರಣ ಸಂಶೋಧನಾ ವಿಭಾಗವನ್ನು ಕಟ್ಟಿದರು. 1941ರಲ್ಲಿ ರಾಯಲ್ ಸೊಸೈಟಿಯ ಸದಸ್ಯತ್ವ ದೊರೆಯಿತು.

ವೃಷ್ಟಿಯ ಸರಾಸರಿಯನ್ನು ಲೆಕ್ಕಹಾಕಿದ ಮಾತ್ರಕ್ಕೆ ಸಮಸ್ಯೆ ತೀರುವುದಿಲ್ಲ. ಸಮಾನ ಶಕ್ತಿಯ ಎರಡು ಎಲೆಕ್ಟ್ರಾನುಗಳು ಒಂದೇ ದಪ್ಪದ ಸೀಸದ ಫಲಕವನ್ನು ಹೊಕ್ಕರೂ ಹೊರಬರುವ ಕಣಗಳ ಸಂಖ್ಯೆ ಬೇರೆಬೇರೆ. ಪ್ರತಿಯೊಂದು ಹೆಜ್ಜೆಯೂ ಆಕಸ್ಮಿಕಕ್ಕೆ ಅಧೀನ. ಮುಚ್ಚಿದ ಪಾತ್ರೆಯಲ್ಲಿ ಸಮಸ್ಥಿತಿಗೆ ಬಂದ ಅನಿಲವನ್ನು ಸಾಂಖ್ಯಿಕ ಭೌತವಿಜ್ಞಾನ ಬಹುಕಾಲದಿಂದ ಬಲ್ಲದು. ಎಂದಿಗೂ ಸಮಸ್ಥಿತಿಯನ್ನು ಮುಟ್ಟದೆ, ಹಿಂದಿರುಗದೆ ಹರಿಯುವ ಈ ವೃಷ್ಟಿಗೆ ಆ ನಿಯಮಗಳು ಸಾಲವು. ಒಂದೇ ತಾಯಿಕಣದ ಸಂತಾನವಾದ್ದರಿಂದ ಕಣಗಳು ಪರಸ್ಪರ ಸ್ವತಂತ್ರವೂ ಅಲ್ಲ. ಜೀವಿಗಳ ಪ್ರಭೇದಗಳು ಕವಲೊಡೆಯುವುದನ್ನು ಕುರಿತು ಯೂಲ್ ಎಂಬಾತ 1925ರಲ್ಲಿ ರಚಿಸಿದ ಗಣಿತವೇ 1937ರಲ್ಲಿ ಫರಿ ಎಂಬಾತನ ವೃಷ್ಟಿಗಣಿತದಲ್ಲಿಯೂ ಕಾಣಿಸಿಕೊಂಡದ್ದು ಸೋಜಿಗ. ಆದರೆ ಜೀವಿಗಳನ್ನು ಒಂದು, ಎರಡು ಎಂದು ಎಣಿಸಿದರೆ ಸಾಕು. ಕಣದ ಶಕ್ತಿಯಾದರೋ ಎಡೆಬಿಡದ ಪರಿಮಾಣ. ಈ ತೊಡಕನ್ನು ಪರಿಹರಿಸುವ ವಿಧಾನವನ್ನು 1950ರಲ್ಲಿ ಭಾಭಾ ಅವರೂ, ಮದರಾಸಿನ ಅಲ್ಲಾಡಿ ರಾಮಕೃಷ್ಣನ್ ಅವರೂ ಪ್ರಕಟಿಸಿದರು. ಸರಾಸರಿಯಿಂದಾಗುವ ವಿಚಲನೆಯನ್ನು ಕುರಿತು ಇಬ್ಬರೂ ಕೂಡಿ ಬರೆದ ಲೇಖನವೂ ಅದೇ ವರ್ಷದ್ದು.

ಯುದ್ಧ ಮುಗಿದ ಮೇಲೆ ಕೇಂಬ್ರಿಜಿಗೆ ಮರಳಬಹುದಿತ್ತು. ಅವರು ಮರಳಲಿಲ್ಲ. ದೇಶದಲ್ಲಿಯೇ ಉನ್ನತ ಸಂಶೋಧನೆಯ ಪೀಠವೊಂದು ಬೇಕೆಂದು 1944ರ ಮಾರ್ಚ್ 12ರಂದು ಸರ್ ದೊರಾಬ್‌ಜಿ ಟಾಟಾ ಟ್ರಸ್ಟಿಗೆ ಪತ್ರ ಬರೆದರು. ದಾನಿಗಳ ನೆರವಿನಿಂದ 1945ರ ಜೂನ್‌ನಲ್ಲಿ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ ಬೆಂಗಳೂರಿನಲ್ಲಿಯೇ ಪ್ರಾರಂಭವಾಗಿ, ವರ್ಷದ ಕೊನೆಗೆ ಮುಂಬಯಿಗೆ ಸ್ಥಳಾಂತರಗೊಂಡಿತು. 1948ರಲ್ಲಿ ಪರಮಾಣು ಶಕ್ತಿ ಆಯೋಗದ ಅಧ್ಯಕ್ಷತೆ, 1956ರಲ್ಲಿ ಅಪ್ಸರಾ ರಿಯಾಕ್ಟರು. ಆಡಳಿತದ ಹೊರೆ ಬೆಳೆದಂತೆ ಅವರ ಸ್ವಂತ ಸಂಶೋಧನೆ ನಿಂತೇಹೋಯಿತು. ದೇಶಕ್ಕೆ ಸಂಸ್ಥೆಗಳು ಲಭಿಸಿದವು, ಗಣಿತಜ್ಞನೊಬ್ಬ ನಷ್ಟವಾದ. ಈ ವ್ಯವಹಾರದಲ್ಲಿ ಲಾಭವೆಷ್ಟು, ನಷ್ಟವೆಷ್ಟು ಎಂದು ತೂಗುವುದು ಸುಲಭವಲ್ಲ.

ವಿಶ್ವಕಿರಣಗಳ ನಂಟನ್ನಂತೂ ಅವರು ಬಿಡಲಿಲ್ಲ. ಭೂಮಿಯ ಆಳದಲ್ಲಿ ಆ ಕಿರಣಗಳನ್ನು ಅಳೆಯಲು 1951ರಲ್ಲಿ ತಮ್ಮ ಸಂಸ್ಥೆಯ ತರುಣ ಬಿ. ವಿ. ಶ್ರೀಕಂಠನ್ ಅವರನ್ನು ಕೋಲಾರದ ಚಿನ್ನದ ಗಣಿಗೆ ಕಳುಹಿಸಿದರು. 1902ರಲ್ಲಿ ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಿಂದ ವಿದ್ಯುತ್ತು ಹರಿದುಹೋದ ಗಣಿಗಳು ಅವು. ಅಲ್ಲಿ ಎರಡು ಕಿಲೋಮೀಟರಿಗೂ ಮೀರಿದ ಆಳದಲ್ಲಿ, ವಾಯುಮಂಡಲದಲ್ಲಿ ಹುಟ್ಟುವ ನ್ಯೂಟ್ರಿನೋಗಳ ಸುಳಿವು 1965ರಲ್ಲಿ ದೊರೆಯಿತು. ಮರುವರ್ಷ ಜನವರಿ 24ರಂದು, ವಿಯೆನ್ನಾ ನಗರದ ಸಭೆಗೆ ಹೊರಟಿದ್ದ ಭಾಭಾ ಅವರ ವಿಮಾನ ಮಾಂಟ್ ಬ್ಲಾಂಕ್ ಶಿಖರಕ್ಕೆ ಅಪ್ಪಳಿಸಿತು. ಅವರಿಗಾಗ 56 ವರ್ಷ.