ಅನ್ನ ಕೊಟ್ಟ ಮೇಲೆ ಏನು? – ಪಂಡಿತಾ ರಮಾಬಾಯಿ

ಪಂಡಿತಾ ರಮಾಬಾಯಿ ಅಂದ್ರೆ ನಮ್ಮ ಪೆಂತೆಕೋಸ್ತ್ ಸಭೆಗಳಲ್ಲಿ ತಕ್ಷಣ ನೆನಪಾಗೋದು 1905ರ ಮುಕ್ತಿ ಉಜ್ಜೀವನ. ಆದರೆ ಪವಿತ್ರಾತ್ಮನು ಅಲ್ಲಿ ಯಾರ ಮೇಲೆ ಇಳಿದನು ಅಂತ ನಾವು ಕೇಳೋದು ಕಡಿಮೆ. ಇವತ್ತು ನಾನು ಅದನ್ನೇ ಹೇಳ್ತೀನಿ.

ರಮಾಬಾಯಿ ಹುಟ್ಟಿದ್ದು 1858ರಲ್ಲಿ, ನಮ್ಮ ಪಶ್ಚಿಮ ಘಟ್ಟದ ಗಂಗಾಮೂಲದ ಕಾಡಿನಲ್ಲಿ. ತಂದೆ ಅನಂತಶಾಸ್ತ್ರಿ ಡೋಂಗ್ರೆ ಆ ಕಾಲದಲ್ಲೇ ಹೆಂಡತಿಗೆ ಸಂಸ್ಕೃತ ಕಲಿಸಿದರು. ತಾಯಿ ಅದನ್ನು ಮಗಳಿಗೆ ಕಲಿಸಿದರು. ಆಮೇಲೆ ಬರ ಬಂತು. ತಂದೆ, ತಾಯಿ, ಅಕ್ಕ ಒಬ್ಬೊಬ್ಬರಾಗಿ ತೀರಿಹೋದರು. ರಮಾಬಾಯಿ ಅಣ್ಣನ ಜೊತೆ ಊರೂರು ನಡೆದು 1878ರಲ್ಲಿ ಕಲ್ಕತ್ತ ಸೇರಿದರು. ಅಲ್ಲಿನ ವಿದ್ವಾಂಸರು ಪಂಡಿತಾ ಅನ್ನೋ ಬಿರುದು ಕೊಟ್ಟರು. ಮದುವೆಯಾಗಿ ಎರಡು ವರ್ಷ ತುಂಬುವ ಮೊದಲೇ ಗಂಡ ಕಾಲರಾದಿಂದ ತೀರಿಕೊಂಡರು. ಕೈಯಲ್ಲಿ ಪುಟ್ಟ ಮಗಳು ಮನೋರಮಾ. 1883ರಲ್ಲಿ ಇಂಗ್ಲೆಂಡಿನಲ್ಲಿ ದೀಕ್ಷಾಸ್ನಾನ ಪಡೆದರು. 1889ರಲ್ಲಿ ಮುಂಬೈಯಲ್ಲಿ ವಿಧವೆಯರಿಗಾಗಿ ಶಾರದಾ ಸದನ ತೆರೆದರು.

1896ರಲ್ಲಿ ಮಧ್ಯಪ್ರಾಂತ್ಯಕ್ಕೆ ಬರ ಬಿತ್ತು. ಹಸಿವು ಅಂದ್ರೆ ಏನಂತ ರಮಾಬಾಯಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಅವರೇ ಅಲ್ಲಿಗೆ ಹೋದರು. ನೂರಾರು ಹೆಣ್ಣುಮಕ್ಕಳನ್ನು ಕರೆತಂದು ಪುಣೆ ಹತ್ತಿರದ ಕೇಡಗಾಂವ್‌ನಲ್ಲಿ ಇಟ್ಟುಕೊಂಡರು. 1900ರ ಬರದ ಹೊತ್ತಿಗೆ ಅಲ್ಲಿ ಸುಮಾರು 2,000 ಜನ ಇದ್ದರು.

ಈಗ ಗಮನಿಸಿ. ಊಟ ಹಾಕಿ ಅವರು ಕೈ ತೊಳೆದುಕೊಳ್ಳಲಿಲ್ಲ. ಓದು ಬರಹ ಕಲಿಸಿದರು. ನೇಯ್ಗೆ, ಎಣ್ಣೆ ಗಾಣ, ಹೈನುಗಾರಿಕೆ, ಅಚ್ಚುಕೂಟದ ಕೆಲಸ ಕಲಿಸಿದರು. ಕುರುಡರಿಗೆ ಬ್ರೈಲ್ ಕಲಿಸಿದರು. ರಮಾಬಾಯಿ ಮೂಲಭಾಷೆಗಳಿಂದ ಮರಾಠಿಗೆ ತಂದ ಬೈಬಲ್ ಅಚ್ಚಾದದ್ದು ಅಲ್ಲಿನ ಹೆಂಗಸರ ಕೈಯಲ್ಲೇ. 1905ರಲ್ಲಿ ಪ್ರಾರ್ಥನೆಗೆ ಕೂತಿದ್ದವರಲ್ಲಿ ಎಷ್ಟೋ ಮಂದಿ ಬರದಿಂದ ಬದುಕಿ ಬಂದ ಆ ಹುಡುಗಿಯರೇ. ನೆರವು ಪಡೆದವರೇ ಸೇವಕಿಯರಾದರು. 1922ರಲ್ಲಿ ರಮಾಬಾಯಿ ಕರ್ತನ ಬಳಿಗೆ ಹೋದರು. ಮುಕ್ತಿ ಇಂದಿಗೂ ನಡೀತಿದೆ.

ಯುವಕ ಯುವತಿಯರೇ, ನಾವು ಕ್ರಿಸ್ಮಸ್‌ಗೆ ರೇಷನ್ ಕಿಟ್ ಕೊಡ್ತೀವಿ, ಫೋಟೋ ತೆಗೀತೀವಿ, ಸ್ಟೇಟಸ್ ಹಾಕ್ತೀವಿ. ಕಿಟ್ ಕೊಡೋಣ, ಹಸಿದವನಿಗೆ ಅದು ಬೇಕು. ಆದರೆ ಜನವರಿಯಲ್ಲಿ ಆ ಮನೆಯ ಹೆಸರು ನಮಗೆ ನೆನಪಿರುತ್ತಾ? ನಿಮ್ಮ ಸೆಲ್ ಗ್ರೂಪ್ ಈ ವರ್ಷ ಒಂದೇ ಒಂದು ಮನೆಯನ್ನು ಹಿಡಿಯಲಿ. ಆ ಮಗುವಿನ ಟ್ಯೂಷನ್, ಆ ತಾಯಿಯ ಹೊಲಿಗೆ ಮೆಷಿನ್, ಅವರು ತಮ್ಮ ಕಾಲ ಮೇಲೆ ನಿಲ್ಲೋವರೆಗೂ ಜೊತೆಗಿರಿ. ಅವರಿಗೆ ನಮ್ಮ ಪಕ್ಕದಲ್ಲೇ ಕುರ್ಚಿ ಹಾಕಿ. ನಾಳೆ ನಮಗೋಸ್ಕರ ಪ್ರಾರ್ಥನೆ ಮಾಡುವವರು ಅವರೇ ಇರಬಹುದು. ಆಮೆನ್.